ಮಳೆಗಾಲದವರೆಗೆ ಮಾರದ ಮನೆ

"ಗುರುಗಳೇ, ನನ್ನ ಮನೆಯನ್ನು ಗೆಳೆಯನಿಗೆ ಮಾರುತ್ತಿದ್ದೇನೆ. ಅವನು ನನ್ನನ್ನು ನಂಬಿ ಏನೂ ಕೇಳುತ್ತಿಲ್ಲ. ಕೊಳ್ಳುವವನು ಕೇಳದಿದ್ದರೂ ಮಾರುವವನು ಎಲ್ಲವನ್ನೂ ಹೇಳಬೇಕೇ?" ಎಂದು ಶಿಷ್ಯ ಕೇಳಿದ.

"ಅಬ್ಬಾ, ಎಂಥ ಜಾಣ ಪ್ರಶ್ನೆ! ಕೂತುಕೋ" ಎಂದು ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಮಳಿಯಪ್ಪ ಎಂಬ ನೇಕಾರನಿದ್ದ. ಹೆಂಡತಿ ತೀರಿಕೊಂಡಿದ್ದಳು. ಮಗಳ ಊರಿಗೆ ಹೋಗಿ ಮೊಮ್ಮಕ್ಕಳ ಹತ್ತಿರ ಇರಬೇಕೆಂದು ಅವನ ಆಸೆ. ಮಗಳ ಮನೆಗೆ ಅಂಟಿಕೊಂಡೇ ಒಂದು ಮನೆ ಮಾರಾಟಕ್ಕಿತ್ತು. ತನ್ನದು ಮಾರಿದರೆ ಅದನ್ನು ಕೊಳ್ಳಬಹುದಿತ್ತು. ಬೇಸಿಗೆಯಲ್ಲಿ ಗೆಳೆಯ ಕೂಡ್ಲೆಪ್ಪ ಬಂದ. ಅವನೂ ನೇಕಾರನೇ, ಬಾಡಿಗೆ ಮನೆಯವನು. ಹೆಂಡತಿಯ ಮೈಮೇಲಿನ ಚಿನ್ನವನ್ನೆಲ್ಲ ಮಾರಿ ಬಂದು, "ನಿನ್ನ ಮನೆ ನನಗೇ ಕೊಡಬೇಕು" ಎಂದ.

ನೇಕಾರರ ಮನೆಯಲ್ಲಿ ಮಗ್ಗದ ಕೆಳಗೆ ಒಂದು ಕುಣಿ ತೋಡಿರುತ್ತಾರೆ. ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಮಳಿಯಪ್ಪನ ಕುಣಿಯಲ್ಲಿ ಮಳೆಗಾಲಕ್ಕೆ ನೀರು ಜಿನುಗುತ್ತಿತ್ತು. ವರ್ಷದಲ್ಲಿ ಮೂರು ತಿಂಗಳು ಅವನ ಮಗ್ಗ ಸುಮ್ಮನೆ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ನೋಡಿದವರಿಗೆ ಅದು ಗೊತ್ತಾಗುವ ಹಾಗೇ ಇರಲಿಲ್ಲ.

ಮಳಿಯಪ್ಪ ಮುಚ್ಚಿಡಲಿಲ್ಲ. "ಮಳೆಗಾಲದಲ್ಲಿ ಕುಣಿಗೆ ನೀರು ಬರುತ್ತದೆ" ಎಂದ.

"ಬಂದರೆ ಬರಲಿ ಬಿಡೋ ಮಾರಾಯ, ನಾನೇನು ಸಕ್ಕರೆಯೇ, ಕರಗಿಹೋಗೋಕೆ?" ಎಂದು ಕೂಡ್ಲೆಪ್ಪ ನಕ್ಕ.

ಬೇರೆಯವರಾಗಿದ್ದರೆ ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದರು. ಹೇಳಿಯಾಯಿತಲ್ಲ, ಇನ್ನೇನು? ಆದರೆ ಮಳಿಯಪ್ಪನಿಗೆ ಗೆಳೆಯನ ಸ್ವಭಾವ ಗೊತ್ತಿತ್ತು. ಇದು ನನ್ನ ಮೇಲಿನ ನಂಬಿಕೆಯ ಮಾತು, ನೀರು ಎಷ್ಟು ಬರುತ್ತದೆಂದು ಅವನು ಯೋಚಿಸಿಯೇ ಇಲ್ಲ ಎಂದುಕೊಂಡ. "ಮಳೆ ಹಿಡಿದ ಮೇಲೆ ಬಂದು ಈ ಕುಣಿಯಲ್ಲಿ ಕೂತು ಒಂದು ಸೀರೆ ನೇಯ್ದು ನೋಡು. ಅಲ್ಲಿಯವರೆಗೆ ಮಾರುವುದಿಲ್ಲ" ಎಂದುಬಿಟ್ಟ.

ಕೂಡ್ಲೆಪ್ಪನಿಗೆ ಸಿಟ್ಟು ನೆತ್ತಿಗೇರಿತು. ಹೆಚ್ಚು ಬೆಲೆ ಕೊಡುವವರು ಸಿಕ್ಕಿರಬೇಕು ಎಂದುಕೊಂಡು ಎರಡು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ. ಅಷ್ಟರಲ್ಲಿ ಮಗಳ ಪಕ್ಕದ ಮನೆ ಇನ್ಯಾರದೋ ಪಾಲಾಯಿತು. ಮಳಿಯಪ್ಪ ಸಂಕಟ ನುಂಗಿಕೊಂಡ, ಮಾತು ಬದಲಿಸಲಿಲ್ಲ. ಎಂಥ ಗಟ್ಟಿ ಮನುಷ್ಯ ನೋಡು!

ಮಳೆ ಹಿಡಿಯಿತು. ಕೂಡ್ಲೆಪ್ಪ ಹಟಕ್ಕೆ ಬಿದ್ದು ಬಂದು ಕುಣಿಯಲ್ಲಿ ಕೂತ. ಮೂರನೆಯ ದಿನ ನೀರು ಹಿಮ್ಮಡಿ ಮುಟ್ಟಿತು. ಆರನೆಯ ದಿನ ಪಾದ ಮುಳುಗಿತು. ಗಂಜಿ ಹಾಕಿದ ನೂಲು ಥಂಡಿಗೆ ಒಂದಕ್ಕೊಂದು ಅಂಟಿಕೊಂಡು ಹರಿಯತೊಡಗಿತು. ಎಂಟನೆಯ ದಿನ ಅವನು ಎದ್ದು ಬಂದ. "ಈ ಮನೆ ನನಗೆ ಬೇಡೋ ಮಳಿಯಪ್ಪಾ. ಕೊಂಡಿದ್ದರೆ ಹೆಂಡತಿ ಮಕ್ಕಳನ್ನು ಉಪವಾಸ ಕೆಡವುತ್ತಿದ್ದೆ" ಎಂದು ಅತ್ತ. ಮಳಿಯಪ್ಪ ಅವನನ್ನು ತಬ್ಬಿಕೊಂಡ.

ಆಮೇಲೆ ಆ ಮನೆಯನ್ನು ಒಬ್ಬ ಬಳೆಗಾರ ಕೊಂಡ. ಅವನಿಗೆ ಮಗ್ಗವಿಲ್ಲ, ಆದರೂ ಮಳಿಯಪ್ಪ ಮೊದಲು ತೋರಿಸಿದ್ದು ಕುಣಿಯನ್ನೇ. ಮಗಳ ಊರಿನ ಇನ್ನೊಂದು ತುದಿಯಲ್ಲಿ ಮಳಿಯಪ್ಪನಿಗೆ ಮನೆ ಸಿಕ್ಕಿತು. ದಿನವೂ ಅಷ್ಟು ದೂರ ನಡೆದುಹೋಗಿ ಮೊಮ್ಮಕ್ಕಳನ್ನು ನೋಡಿ ಬರುತ್ತಿದ್ದ.

ಕತೆ ಮುಗಿಯಿತು. "ದೊಡ್ಡ ಮನುಷ್ಯ, ಗುರುಗಳೇ" ಎಂದ ಶಿಷ್ಯ. "ಆದರೆ ನನ್ನ ಮನೆಯಲ್ಲಿ ಮಗ್ಗವೂ ಇಲ್ಲ, ಕುಣಿಯೂ ಇಲ್ಲ" ಎಂದ.

ಗುರುಗಳು ಅವನನ್ನೇ ನೋಡುತ್ತಾ ಕೇಳಿದರು: "ಹಾಗಾದರೆ ನಿನ್ನ ಮನೆಯ ಯಾವ ಮೂಲೆಯಲ್ಲಿ ನಿನ್ನ ಗೆಳೆಯನನ್ನು ನೀನು ಇನ್ನೂ ಕೂರಿಸಿಲ್ಲ?"