ಮರಡಿಪುರದ ಡೀಸೆಲ್ ಕಾನೂನು

"ಕೇಳ್ರಪ್ಪೋ ಕೇಳ್ರಿ! ಮಹಾರಾಜರ ಅಪ್ಪಣೆ! ಇನ್ನು ಮುಂದೆ ಮರಡಿಪುರ ರಾಜ್ಯದ ಯಾವ ಬಂಕಿನಾಗೂ ಡೀಸೆಲ್ ಹಾಕೋ ಆಳು ಇರಕೂಡದು. ಲಾರಿಯವರು ಇಳಿದು ತಮ್ಮ ಟ್ಯಾಂಕು ತಾವೇ ತುಂಬ್ಕೋಬೇಕು. ಆದರೆ ರಾಜಮುದ್ರೆ ಇರೋದು ರಾಜಕುಮಾರಿ ಮುದ್ದಮ್ಮಣ್ಣಿಯವರ ಕೈಯಾಗೆ. ಅವರ ಮೂರು ಒಗಟು ಬಿಡಿಸಿದೋರು ಹೇಳಿದ ಕಾನೂನಿಗೇ ಮುದ್ರೆ ಬೀಳ್ತದೆ, ಜೊತೆಗೆ ಅರ್ಧ ರಾಜ್ಯ. ತಪ್ಪಿದೋರಿಗೆ ತಲೆದಂಡ!"

ಹೆದ್ದಾರಿಯ ಉದ್ದಕ್ಕೂ ತಮಟೆ ಬಡಿಯುತ್ತ ಡಂಗುರದವನು ಸಾರಿಕೊಂಡು ಹೋದ. ಹಟ ಅಪ್ಪನದು, ಮುದ್ರೆ ಮಗಳದು. ನಡುವೆ ಊರವರ ತಲೆ. ರಾಣಿ ತೀರಿಕೊಂಡಾಗಿನಿಂದ ರಾಜನಿಗೆ ಮನುಷ್ಯರ ಮಾತು ಕಿವಿಗೆ ಬಿದ್ದರಾಗದು. ಪಕ್ಕದ ದೇಶದ ಬಂಕುಗಳಲ್ಲಿ ಮಾತಿಲ್ಲದೆ ಕೆಲಸ ಸಾಗುತ್ತದೆಂದು ಯಾರೋ ಹೇಳಿದ್ದೇ ತಡ, ಅದೇ ಕಾನೂನು ತನಗೂ ಬೇಕೆಂದ.

ಡಂಗುರ ಹೊನ್ನೂರನ ಕಿವಿಗೂ ಬಿತ್ತು. ಉಪ್ಪಿನ ಲಾರಿ ಓಡಿಸುವ ಹುಡುಗ ಅವನು. ಜೊತೆಗೆ ಕ್ಲೀನರ್ ಇಲ್ಲ, ಮನೆಯಲ್ಲಿ ದಾರಿ ಕಾಯುವವರಿಲ್ಲ. ಜಾಲಿಗಿಡ ಬಿಟ್ಟರೆ ಬೇರೇನೂ ಕಾಣದ ಆ ದಾರಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವಳು ಕಲ್ಲುಗುಡ್ಡದ ಬಂಕಿನ ಈರಮ್ಮಕ್ಕ ಒಬ್ಬಳೇ. ಅವನು ಬಂಕಿಗೆ ಬಂದಾಗ ಅವಳು ತನ್ನ ಖಾಕಿ ಅಂಗಿಯನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದಳು.

"ಈಗಲೇ ಹೊಂಟೆಯೇನಕ್ಕಾ?"

"ಮುದ್ರೆ ಬಿದ್ದ ಮೇಲೆ ಹೊರಗೆ ದಬ್ಬಿಸ್ಕೊಳ್ಳೋದಕ್ಕಿಂತ ನಾನಾಗೇ ಹೋಗೋದು ವಾಸಿ ಕಣೋ."

"ತಡಿ. ನಾ ಹೋಗಿ ಒಗಟು ಬಿಡಿಸಿ ಬರ್ತೀನಿ."

"ಹುಚ್ಚಪ್ಪಾ, ತಲೆ ಹೋಗ್ತದೆ!"

"ಮಾತಾಡ್ಸೋರೇ ಇಲ್ದಿರೋ ತಲೆ ಇದ್ದರೇನು, ಹೋದರೇನು?" ಎಂದವನು ಲಾರಿಯನ್ನು ಅರಮನೆಯ ಕಡೆಗೆ ತಿರುಗಿಸಿದ.

ಓಲಗದಲ್ಲಿ ಅವನಿಗಿಂತ ಮುಂದೆ ಇಬ್ಬರು ನಿಂತಿದ್ದರು. ಒಬ್ಬ ನೆರೆದೇಶದ ರಾಜಕುಮಾರ, ಇನ್ನೊಬ್ಬ ಮಂತ್ರಿಯ ಮಗ. ಇಬ್ಬರ ಕಣ್ಣೂ ಅರ್ಧ ರಾಜ್ಯದ ಮೇಲೆ. ಮುದ್ದಮ್ಮಣ್ಣಿ ಯಾರ ಮುಖವನ್ನೂ ನೋಡದೆ ಕೇಳಿದಳು.

"ತನ್ನಲ್ಲಿ ಏನೂ ಇಲ್ಲವೆಂದು ಮೊದಲು ತೋರಿಸಬೇಕು. ತೋರಿಸಿದರೇ ಕೊಡುವವನ ಮೇಲೆ ನಂಬಿಕೆ. ಯಾವುದದು?"

ರಾಜಕುಮಾರ ಮೀಸೆ ತಿರುವಿ, "ಸನ್ಯಾಸಿಯ ಜೋಳಿಗೆ," ಎಂದ. ರಾಜಕುಮಾರಿ ಅಲ್ಲವೆಂದು ತಲೆಯಾಡಿಸಿದಳು. ಸಂಜೆಯ ತಲೆದಂಡದವರೆಗೆ ಇರಲೆಂದು ಭಟರು ಅವನನ್ನು ಸೆರೆಮನೆಗೆ ಎಳೆದೊಯ್ದರು. ಮೀಸೆಯ ಮೇಲಿನ ಕೈ ಇನ್ನೂ ಕೆಳಗಿಳಿದಿರಲಿಲ್ಲ.

ಮಂತ್ರಿಯ ಮಗ ಬುದ್ಧಿವಂತ. ಮೊದಲ ಒಗಟು ತನಗೂ ಗೊತ್ತಿಲ್ಲವೆಂದು, "ಎರಡನೆಯದನ್ನೇ ಮೊದಲು ಕೇಳಿ," ಎಂದ.

"ಅಕ್ಕತಂಗಿಯರು ಇರುವುದು ಒಂದೇ ಅಂಗಳದಲ್ಲಿ. ಅಕ್ಕ ಹೋಗಬೇಕಾದ ಮನೆಗೆ ತಂಗಿ ಹೊಕ್ಕರೆ ಆ ಮನೆಯ ಉಸಿರೇ ನಿಲ್ಲುತ್ತದೆ. ಯಾರವರು?"

"ಹಗಲು ಮತ್ತು ರಾತ್ರಿ!" ಎಂದ. ಅವನೂ ರಾಜಕುಮಾರನ ಹಿಂದೆಯೇ ಹೋದ.

ಈಗ ಹೊನ್ನೂರ ಒಬ್ಬನೇ. ಅಷ್ಟು ದೊಡ್ಡ ಓಲಗದಲ್ಲಿ ಕೆಮ್ಮಿದರೂ ತಿರುಗಿ ನೋಡುವವರಿರಲಿಲ್ಲ. ಅವನಿಗೆ ತನ್ನ ಲಾರಿಯ ಕ್ಯಾಬಿನ್ನೇ ನೆನಪಾಯಿತು.

"ಮೊದಲನೇದು ಬಂಕಿನ ಸೊನ್ನೆ, ಅಮ್ಮಣ್ಣಿ. ಪೈಪು ಟ್ಯಾಂಕಿಗಿಡೋ ಮುಂಚೆ ಆಳು 'ಜೀರೋ ನೋಡ್ಕೊಳ್ಳಿ' ಅಂತಾನೆ. ನಾವು ನೋಡ್ತೀವಿ, ನಂಬ್ತೀವಿ. ಎರಡನೇದು ಡೀಸೆಲ್ಲು, ಪೆಟ್ರೋಲು. ಹೋದ ವಾರ ಗಡಿಯಾಚೆ ಆಳಿಲ್ದಿರೋ ಬಂಕಿನಾಗೆ, ಸುಸ್ತಾಗಿ, ತಪ್ಪಿ ಪೆಟ್ರೋಲಿನ ಪೈಪು ಹಿಡಿದೆ. ಸ್ವಲ್ಪ ದೂರ ಹೋಗಿ ಎಂಜಿನ್ ನಿಂತೋಯ್ತು. ಯಾಕಂತ ಕೇಳೋರಿಲ್ಲ, ಬಯ್ಯೋರೂ ಇಲ್ಲ. ಯಾರಾದರೂ ಬೈದಿದ್ರೆ ಸಾಕಿತ್ತು ಅನ್ಸಿ ಕಣ್ಣಾಗೆ ನೀರು ಬಂತು."

ಮುದ್ದಮ್ಮಣ್ಣಿ ಮೊದಲ ಬಾರಿಗೆ ತಲೆಯೆತ್ತಿ ನೋಡಿದಳು. "ಎರಡೂ ಸರಿ. ಕೊನೆಯದು ಕೇಳು. ಕೇಳಿದವನು ಕೊಡುವುದೇನಿಲ್ಲ, ಹೇಳಿದವನಿಗೆ ಸಿಗುವುದೇನಿಲ್ಲ. ಆದರೂ ಅದನ್ನು ಕೇಳುವವರಿಲ್ಲದಿದ್ದರೆ ತುಂಬಿದ ಹೊಟ್ಟೆಯೂ ಬರಿದು. ಏನದು?"

ಹೊನ್ನೂರ ಯೋಚಿಸಿದ. ಪ್ರಾರ್ಥನೆಯೇ? ಲಾಲಿಯೇ? ಯಾವುದೂ ಹೊಂದಲಿಲ್ಲ. ದೊಡ್ಡವರ ಮಕ್ಕಳಿಗೆ ಸಂಜೆಯವರೆಗೆ ಗಡುವಿತ್ತು, ಲಾರಿಯವನಿಗೆ ಅದೂ ಇಲ್ಲ; ತಲೆ ಕಡಿಯುವ ಭಟ ಕತ್ತಿ ಹಿರಿದು ಹತ್ತಿರ ಬಂದ. ಬದುಕಿನ ಆಸೆ ಬಿಟ್ಟು ಹೊನ್ನೂರ ರಾಜಕುಮಾರಿಯ ಕಡೆ ನೋಡಿದ. ಕೆನ್ನೆ ಒಳಗೆ ಹೋಗಿತ್ತು, ತುಟಿ ಒಣಗಿತ್ತು. ಅಯ್ಯೋ ಪಾಪ ಅನಿಸಿತು. ಸಾಯುವವನಿಗೆ ರಾಜಮರ್ಯಾದೆ ಯಾಕೆ?

"ಒಗಟು ಹೊಳೀಲಿಲ್ಲ, ಹೋಗ್ಲಿ ಬಿಡ್ರಿ," ಎಂದ. "ಯಾಕವ್ವಾ ಹಿಂಗೆ ಬಾಡಿದ್ದೀ? ಊಟ ಆಯ್ತಾ?"

ಮುದ್ದಮ್ಮಣ್ಣಿಯ ಕಣ್ಣು ತುಂಬಿ ಬಂತು. ಕತ್ತಿಗೆ ಅಡ್ಡವಾಗಿ ಕೈ ಚಾಚಿದಳು.

"ಅದೇ ಉತ್ತರ. ಅಮ್ಮ ಹೋದ ಮೇಲೆ ಈ ಅರಮನೆಯಲ್ಲಿ ತಟ್ಟೆ ಬರುತ್ತದೆ, ತಟ್ಟೆ ಹೋಗುತ್ತದೆ. ಆಯ್ತಾ ಎಂದು ಕೇಳುವವರಿಲ್ಲ. ಈ ಒಗಟು ಕಟ್ಟಿದ್ದು ನನಗೋಸ್ಕರ."

ರಾಜ ಕಿರೀಟ ತೆಗೆದು ಮಡಿಲಲ್ಲಿಟ್ಟುಕೊಂಡು ಹೊನ್ನೂರನ ಕಡೆ ತಿರುಗಿದ.

"ಕಾನೂನು ಹೇಳಪ್ಪಾ."

"ತಾವೇ ಹಾಕ್ಕೊಳ್ಳೋರು ಹಾಕ್ಕೊಳ್ಳಲಿ ಮಹಾಸ್ವಾಮಿ, ಅವಸರದೋರು ಇರ್ತಾರೆ. ಆದರೆ ಪ್ರತಿ ಬಂಕಿನಾಗೂ ಮಾತಾಡ್ಸೋಕೆ ಒಬ್ಬ ಮನುಷ್ಯ ಇರಲೇಬೇಕು. ಸೆರೆಮನೆಯಾಗಿರೋ ಆ ಇಬ್ಬರನ್ನೂ ಬಿಟ್ಟುಬಿಡಿ. ಅರ್ಧ ರಾಜ್ಯ ನನಗೆ ಬ್ಯಾಡ, ಲಾರಿಯಾಗೆ ಹಿಡಿಸಲ್ಲ."

ಮುದ್ರೆ ಬಿತ್ತು. ರಾಜ ಸಿಂಹಾಸನದಿಂದ ಇಳಿದು ಮಗಳ ಮುಂದೆ ಬಂದು ನಿಂತ. ಮಾತಾಡಲು ಮರೆತವನಂತೆ ತಡವರಿಸಿ, "ಊಟ... ಆಯ್ತೇನವ್ವಾ?" ಎಂದ.

"ಇನ್ನೂ ಇಲ್ಲಪ್ಪಾಜಿ. ನಿಮ್ಮದು?"

"ನನ್ನದೂ ಇಲ್ಲ."

ಮೂರು ಎಲೆ ಹಾಕಿಸಿದರು. ಹೊನ್ನೂರ ಅಪ್ಪ ಮಗಳ ಎದುರಿಗೆ ಕೂತು, ಬೇಕು ಬೇಕೆಂದು ಬಡಿಸಿಕೊಂಡು ಉಂಡ. ಕೈ ತೊಳೆದು ಲಾರಿ ಹತ್ತುವಾಗ ಮಾತ್ರ, ಮುಂದಿನ ದಾರಿಯೂ ಅಷ್ಟೇ ಉದ್ದವಿದೆ ಎಂದು ಅವನಿಗೆ ನೆನಪಾಯಿತು. ಕಿಟಕಿಯ ಬಳಿ ಬಂದ ಮುದ್ದಮ್ಮಣ್ಣಿ ಕೇಳಿದಳು, "ಉಪ್ಪು ಇಳಿಸಿ ಯಾವಾಗ ಬರ್ತೀಯಾ?"

ಇಷ್ಟು ದಿನ ಅವನನ್ನು ಆ ಮಾತು ಕೇಳಿದವರಿರಲಿಲ್ಲ. "ಬೇಗ ಬರ್ತೀನಿ," ಎಂದು, ಈರಮ್ಮಕ್ಕನಿಗೆ ಸುದ್ದಿ ಮುಟ್ಟಿಸಲು ಕಲ್ಲುಗುಡ್ಡದ ಕಡೆ ಹೊರಟ.

ಅವರು ಅಲ್ಲಿ ಉಂಡು ಸುಖವಾಗಿದ್ದರು. ನಿಮ್ಮದು ಆಯ್ತಾ?