ಭಟ್ಟಿಯ ಪರ ವಾದ

ವಕೀಲಿ ಬಿಟ್ಟ ಮೇಲೆ ನಾಗಲಿಂಗಯ್ಯನವರು ಮಲಪ್ರಭೆಯ ದಂಡೆಯ ಆಶ್ರಮದಲ್ಲಿದ್ದರು. ಅವರ ಕೈಕೆಳಗೆ ಕಲಿತ ಚಿದಾನಂದ ತಾಲೂಕು ಕೋರ್ಟಿನಲ್ಲಿ ಹೆಸರು ಮಾಡಿದ್ದ.

ಒಂದು ಭಾನುವಾರ ಅವನು ಬಂದು ಕಾಲಿಗೆರಗಿದ.

"ಗುರುಗಳೇ, ವಕೀಲನಾದವನು ವ್ಯಾಪಾರ ಮಾಡಬಾರದೇ?"

"ಸಂಬಳದ ನೌಕರಿ ಹಿಡಿಯಬಾರದು. ವ್ಯಾಪಾರವನ್ನು ತಾನೇ ನಿಂತು ನಡೆಸಬಾರದು. ವಕೀಲಿಯ ಸನದು ತಗೊಂಡ ದಿನವೇ ನಿನಗೆ ಹೇಳಿದ್ದೆ."

"ಸುಮ್ಮನೆ ಪಾಲು ಹಾಕಿದ್ದರೆ?"

"ಪಾಲು ಬೇರೆ. ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದು ಬೇರೆ."

"ಕೂತದ್ದು ಯಾರಿಗೂ ಕಾಣದಿದ್ದರೆ?"

ಗುರುಗಳು ಅವನ ಮುಖವನ್ನೇ ನೋಡಿದರು. "ಯಾರ ಸಲುವಾಗಿ ಕೇಳುತ್ತಿದ್ದೀಯಾ?"

"ಒಬ್ಬ ಸ್ನೇಹಿತನ ಸಲುವಾಗಿ."

"ಹೆಸರೇನು?"

ಚಿದಾನಂದ ನಕ್ಕ. "ಅದೆಲ್ಲ ಯಾಕೆ ಬಿಡಿ."

ಗುರುಗಳು ನಗಲಿಲ್ಲ.

ಅಷ್ಟರಲ್ಲಿ ದ್ಯಾಮವ್ವ ಬಂದಳು. ಅವಳ ಹೊಲದ ಪಕ್ಕ ಇಟ್ಟಿಗೆ ಭಟ್ಟಿಯವರು ಮಣ್ಣು ತೋಡಿ ತೋಡಿ, ಬದುವೆಲ್ಲ ಗುಂಡಿಗೆ ಕುಸಿಯುತ್ತಿತ್ತು. ತೋಡುವುದನ್ನು ನಿಲ್ಲಿಸಿ ಎಂದು ಅವಳು ದಾವೆ ಹಾಕಿದ್ದಳು. ಅವಳ ವಕೀಲ ಚಿದಾನಂದನೇ. ಅವನನ್ನು ಕಂಡು ಬಾಗಿಲಲ್ಲೇ ನಿಂತಳು.

"ಹೇಳವ್ವಾ," ಎಂದರು ಗುರುಗಳು.

"ಇವರ ಸುದ್ದೀನ ಹೇಳಾಕ ಬಂದಿದ್ದೆ, ಅಜ್ಜಾರ. ನಮ್ಮ ಕೇಸು ಬಂದಾಗೊಮ್ಮೆ ವಾಯಿದೆ ಕೇಳ್ತಾರ. ಯಾಕ ಅಂದ್ರ ಬಾಯಿ ಬಿಡಂಗಿಲ್ಲ."

"ಕೋರ್ಟಿನ ಕೆಲಸ ಅವಳಿಗೇನು ಗೊತ್ತು, ಗುರುಗಳೇ?"

"ನನಗೆ ಗೊತ್ತು. ಅವಳ ಪರ ವಾದ ಮಾಡು. ಇಲ್ಲೇ, ಈಗಲೇ."

ಚಿದಾನಂದ ಮಾಡಿದ. ಕಾನೂನು ಸರಿಯಾಗಿತ್ತು, ದನಿಯಲ್ಲಿ ಜೀವವಿರಲಿಲ್ಲ. ಬದುವಿನ ಮಾತು ಬಂದಾಗ ತಡವರಿಸಿದ.

"ಇನ್ನು ಭಟ್ಟಿಯ ಪರ ಮಾಡು."

ಈಗ ಮಾತು ಹರಿಯಿತು. ಬದು ಕುಸಿದದ್ದು ಮಳೆಗೆ. ಭಟ್ಟಿ ನಿಂತರೆ ಕೂಲಿಯವರು ಎಲ್ಲಿಗೆ ಹೋಗಬೇಕು? ಅಲ್ಲದೆ, ಸುಗ್ಗಿ ಮುಗಿದರೆ ಆ ಗುಂಡಿಯನ್ನೇ ಬಿಟ್ಟು ಹಳ್ಳದ ಕಡೆ ಹೊಸದು ತೋಡುವವರಿದ್ದಾರೆ.

"ಹಳ್ಳದ ಕಡೀಗಾ?" ದ್ಯಾಮವ್ವ ಒಳಗೆ ಬಂದಳು. "ಅಲ್ಲಿ ನನ್ನ ಬಾವಿ ಐತಿ. ಅಲ್ಲಿ ತೋಡ್ತಾರಂತ ನಿಮಗ್ಯಾರು ಹೇಳಿದ್ರು?"

ಚಿದಾನಂದ ತಂಬಿಗೆಗೆ ಕೈ ಹಾಕಿದ. ಅದರಲ್ಲಿ ನೀರಿರಲಿಲ್ಲ.

"ಉತ್ತರ ಕೊಡು," ಎಂದರು ಗುರುಗಳು.

"ಭಟ್ಟಿ ನನ್ನ ಹೆಂಡತಿಯ ತಮ್ಮನ ಹೆಸರಿನಲ್ಲಿದೆ." ಚಿದಾನಂದ ತಂಬಿಗೆ ಕೆಳಗಿಟ್ಟ. "ನಡೆಸುವವನು ನಾನು."

ದ್ಯಾಮವ್ವ ಬೈಯಲಿಲ್ಲ. "ನನ್ನ ಕಾಗದಪತ್ರ ನಾಳೆ ವಾಪಸ್ ಕೊಡ್ರಿ," ಎಂದಷ್ಟೇ ಹೇಳಿ ಹೊಳೆಯ ದಾರಿ ಹಿಡಿದಳು.

ಅವಳು ಮರೆಯಾದಳು.

ಆಮೇಲೆ ಚಿದಾನಂದ ಸಿಟ್ಟಿನಿಂದ ಹೇಳಿದ, "ಅವಳೆದುರು ನನ್ನನ್ನು ಸಿಕ್ಕಿಸಿದಿರಿ. ಎರಡೂ ಕಡೆ ವಾದ ಮಾಡು ಎಂದವರು ನೀವೇ ಅಲ್ಲವೇ?"

"ನಾನು ಹೇಳಿದ್ದು ಈಗ. ನೀನು ಯಾವಾಗಿನಿಂದ ಮಾಡುತ್ತಿದ್ದೀಯಾ?"