ಜೀಪಿನ ಹಿಂದಿನ ಕೊಕ್ಕೆ

ನನ್ನ ಕೈಬರಹ ಚೆನ್ನಾಗಿಲ್ಲ. ಮಾತುಗಳನ್ನು ಜೋಡಿಸಿ ಬರೆಯುವ ಅಭ್ಯಾಸವೂ ನನಗಿಲ್ಲ. ಶಾಲೆಗೆ ಹೋದದ್ದು ಕಡಿಮೆ. ಬರೆಯಲು ಕುಳಿತದ್ದು ಇದೇ ಮೊದಲು. ಓದುವವರು ಅಕ್ಷರಗಳ ಕೊರತೆಯನ್ನು ಪಕ್ಕಕ್ಕಿಟ್ಟು ಕತೆಯನ್ನು ಮಾತ್ರ ನೋಡಬೇಕೆಂದು ಕೈಮುಗಿದು ಕೇಳಿಕೊಂಡು ಆರಂಭಿಸುತ್ತೇನೆ.

“ಬುದ್ಧಿ, ಇನ್ನು ಮುಂದೆ ನನ್ನ ಅಕ್ಕನನ್ನು ನೋಡದೆ ಇರಲು ಅಪ್ಪಣೆ ಕೊಡುವಿರಾ?”

ಬೆಟ್ಟದ ತಪ್ಪಲಿನ ಒಂದು ಚಿಕ್ಕ ಮಠದಲ್ಲಿ, ಬೆಳಗಿನ ಪೂಜೆ ಮುಗಿದ ಮೇಲೆ, ಗುರುಮಲ್ಲನೆಂಬ ಶಿಷ್ಯನು ತನ್ನ ಗುರುಗಳನ್ನು ಹೀಗೆ ಕೇಳಿದನು. ಈ ಪ್ರಶ್ನೆಯನ್ನು ಅವನು ಬಹಳ ಕಾಲದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದನು. ಅಂದು ಕೇಳದೆ ಬೇರೆ ದಾರಿ ಇರಲಿಲ್ಲ. ಅವನ ಅಕ್ಕ ಪುಟ್ಟತಾಯಮ್ಮ ಮಧ್ಯಾಹ್ನದ ಬಸ್ಸಿಗೆ ಬರುವವಳಿದ್ದಳು. ಅವಳನ್ನು ಒಳಗೆ ಕರೆಯಬೇಕೋ, ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಬೇಕೋ ಎಂಬುದು ಅಷ್ಟರೊಳಗೆ ತೀರ್ಮಾನವಾಗಬೇಕಿತ್ತು.

“ಯಾಕಪ್ಪ? ಅಕ್ಕ ಏನು ಮಾಡಿದಳು?” ಎಂದು ಗುರುಗಳು ಕೇಳಿದರು.

“ಅವಳೇನೂ ಮಾಡಿಲ್ಲ ಬುದ್ಧಿ. ತಾಯಿ ಇಲ್ಲದ ನನ್ನನ್ನು ಸಾಕಿದವಳೇ ಅವಳು. ಆದರೆ ನಾನು ಇಲ್ಲಿಗೆ ಬಂದಾಗ ಎಂಥ ಒರಟನಾಗಿದ್ದೆ ಎಂಬುದು ನಿಮಗೆ ಗೊತ್ತು. ಒಂದೊಂದಾಗಿ ತಿದ್ದಿಕೊಂಡೆ. ಮೊದಲು ನಾಲಗೆಯ ಚಪಲ ಬಿಟ್ಟೆ. ಅದು ಪೂರ್ತಿ ನಿಂತ ಮೇಲೆ ಹಗಲು ನಿದ್ದೆ ಬಿಟ್ಟೆ. ಆಮೇಲೆ ಹರಟೆ. ಆಮೇಲೆ ಸಿಟ್ಟು. ಈಗ ಧ್ಯಾನಕ್ಕೆ ಕುಳಿತರೆ ಮನಸ್ಸು ಅಲುಗುವುದಿಲ್ಲ. ಅಕ್ಕ ಬಂದು ಹೋದಾಗ ಮಾತ್ರ ಅಲುಗುತ್ತದೆ. ಗಂಡನ ಕುಡಿತ, ಸೊಸೆಯ ಚುಚ್ಚುಮಾತು, ಎಲ್ಲವನ್ನೂ ಹೇಳಿಕೊಂಡು ಅಳುತ್ತಾಳೆ. ನನ್ನಿಂದ ಏನನ್ನೂ ಬೇಡುವುದಿಲ್ಲ. ಹೇಳಿ ಮುಗಿಸಿ ಹಗುರಾಗಿ ಎದ್ದು ಹೋಗುತ್ತಾಳೆ. ಭಾರ ನನ್ನಲ್ಲಿ ಉಳಿಯುತ್ತದೆ. ಎಷ್ಟೋ ದಿನ ಪೂಜೆಗೆ ಮನಸ್ಸು ಕೂಡುವುದಿಲ್ಲ. ನನ್ನಲ್ಲಿ ಉಳಿದ ತೊಡಕು ಇದೊಂದೇ. ಇದನ್ನೂ ತೆಗೆದುಬಿಟ್ಟರೆ ಮುಂದಿನ ದಾರಿ ಸಲೀಸು.”

ಗುರುಮಲ್ಲನ ದನಿಯಲ್ಲಿ ಅಳುಕು ಇರಲಿಲ್ಲ. ಗುರುಗಳು ಒಪ್ಪುತ್ತಾರೆಂಬ ನಂಬಿಕೆ ಅವನಿಗೆ ಗಟ್ಟಿಯಾಗಿಯೇ ಇತ್ತು. ಇಷ್ಟು ಬಿಟ್ಟವನಿಗೆ ಇನ್ನೊಂದನ್ನು ಬಿಡಬೇಡ ಎಂದು ಯಾವ ಗುರು ಹೇಳುತ್ತಾರೆ?

“ಕುಳಿತುಕೊ. ಬಸ್ಸಿಗೆ ಇನ್ನೂ ಹೊತ್ತಿದೆ” ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆಯ ವ್ಯಾಪಾರಿ ಇದ್ದನು. ಊರಿನ ಹಿಂದೆ ಒಂದು ಬೆಟ್ಟವಿತ್ತು. ಬೆಟ್ಟಕ್ಕೆ ಟಾರು ರಸ್ತೆ ಇರಲಿಲ್ಲ. ಕೆಸರು, ಮರಳಿನ ಹಳ್ಳ, ಬಂಡೆಗಳ ಮೇಲೆ ಹಾದುಹೋಗುವ ಒಂದು ಕಾಡುದಾರಿ ಮಾತ್ರ ಇತ್ತು. ಆ ದಾರಿಯಲ್ಲಿ ತಾನೇ ಗಾಡಿ ಓಡಿಸಿಕೊಂಡು ತುದಿಯನ್ನು ಮುಟ್ಟಬೇಕೆಂಬುದು ವ್ಯಾಪಾರಿಯ ಆಸೆ. ಅದರಿಂದ ಲಾಭವೇನು ಎಂದು ಹೆಂಡತಿ ಕೇಳಿದಳು. ಲಾಭ ನೋಡುವುದಕ್ಕೆ ಅಂಗಡಿ ಇದೆಯಲ್ಲ ಎಂದು ಅವನು ಉತ್ತರಿಸಿದನು.

ಅವನು ಒಂದು ಹಳೆಯ ಫೋರ್‌ವೀಲ್ ಜೀಪನ್ನು ಕೊಂಡನು. ಯಾರೋ ಬಹಳ ವರ್ಷ ಬಳಸಿ ಬಿಟ್ಟದ್ದು. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಎಳೆತ ಸಿಗುತ್ತಿತ್ತು. ಮುಂದೆ ಎರಡು, ಹಿಂದೆ ಒಂದು, ಹಗ್ಗ ಸಿಕ್ಕಿಸಿ ಎಳೆಯುವ ದಪ್ಪ ಕಬ್ಬಿಣದ ಕೊಕ್ಕೆಗಳಿದ್ದವು. ಉಳಿದದ್ದೆಲ್ಲ ತುಕ್ಕು.

ಮೊದಲ ಸಲ ಬೆಟ್ಟ ಹತ್ತಲು ಹೋದಾಗ ಜೀಪು ಮೊದಲ ಕೆಸರಿನಲ್ಲಿಯೇ ಹೂತುಹೋಯಿತು. ಅದೇ ಹೊತ್ತಿಗೆ ಮೇಲಿನಿಂದ ಒಬ್ಬ ರೈತನು ಅರಿಸಿನದ ಮೂಟೆಗಳನ್ನು ಹೇರಿಕೊಂಡು ಇನ್ನೂ ಹಳೆಯದಾದ ತನ್ನ ಜೀಪಿನಲ್ಲಿ ಇಳಿದು ಬಂದನು. ಬೆಟ್ಟದ ತುದಿಯ ಹಳ್ಳಿಗೆ ಇದ್ದದ್ದು ಅದೊಂದೇ ಗಾಡಿ. ಬೆಳೆ ಸಂತೆಗೆ ಇಳಿಯುವುದೂ ಅದರಲ್ಲಿಯೇ, ಕಾಯಿಲೆಯವರು ಆಸ್ಪತ್ರೆಗೆ ಇಳಿಯುವುದೂ ಅದರಲ್ಲಿಯೇ. ರೈತನು ಏನನ್ನೂ ಕೇಳಲಿಲ್ಲ. ಹಗ್ಗವನ್ನು ವ್ಯಾಪಾರಿಯ ಕೊಕ್ಕೆಗೆ ಸಿಕ್ಕಿಸಿ ಜೀಪನ್ನು ಎಳೆದು ಹೊರಗೆ ಹಾಕಿದನು.

ಆ ಬೆಟ್ಟದಲ್ಲಿ ಒಂದು ಕಟ್ಟಳೆ ಇತ್ತು. ಸಿಕ್ಕಿಹಾಕಿಕೊಂಡ ಗಾಡಿಯನ್ನು ದಾಟಿ ಯಾರೂ ಮುಂದೆ ಹೋಗುವಂತಿರಲಿಲ್ಲ. ಎಳೆದದ್ದಕ್ಕೆ ಯಾರೂ ಏನನ್ನೂ ಕೊಡುವಂತಿರಲಿಲ್ಲ, ತೆಗೆದುಕೊಳ್ಳುವಂತೆಯೂ ಇರಲಿಲ್ಲ. ಎಳೆಸಿಕೊಂಡವನು ಹಗ್ಗದ ಕೆಸರನ್ನು ತೊಳೆದು, ಸುತ್ತಿ, ಎಳೆದವನ ಕೈಗೆ ಕೊಡಬೇಕು. ಅಷ್ಟೇ.

ವ್ಯಾಪಾರಿಯು ಬಿಳಿಯ ಅಂಗಿಯ ತೋಳು ಮಡಿಸಿ ಹಳ್ಳದಲ್ಲಿ ಹಗ್ಗ ತೊಳೆಯಲು ಕುಳಿತನು.

“ಅಲ್ಲಿ ಇನ್ನೂ ಕೆಸರಿದೆ ಸಾಹುಕಾರ್ರೇ, ತಿಕ್ಕಿ. ಬಟ್ಟೆ ಮಾರುವವರಿಗೆ ಒಗೆಯುವುದನ್ನೂ ನಾನೇ ಕಲಿಸಬೇಕೇ?” ಎಂದು ರೈತನು ನಕ್ಕನು. ಮೂಟೆಗಳ ಮೇಲೆ ಕುಳಿತಿದ್ದ ಹಳ್ಳಿಯವರೂ ನಕ್ಕರು.

ಅದರಲ್ಲಿ ಕುಹಕ ಇರಲಿಲ್ಲ. ಆದರೂ ವ್ಯಾಪಾರಿಗೆ ನಾಚಿಕೆಯಾಯಿತು. ಇನ್ನೊಬ್ಬರ ಹಗ್ಗವನ್ನು ಇನ್ನೆಂದೂ ತೊಳೆಯುವಂತಾಗಬಾರದು ಎಂದು ಅಂದೇ ನಿಶ್ಚಯಿಸಿದನು.

ಅವನು ಅವಸರದ ಮನುಷ್ಯನಲ್ಲ. ಎಲ್ಲವನ್ನೂ ಒಂದೇ ಸಲ ಬದಲಾಯಿಸಲಿಲ್ಲ. ಮೊದಲು ಸವೆದ ಟೈರುಗಳನ್ನು ತೆಗೆಸಿ, ಆಳವಾದ ಹಲ್ಲುಗಳಿರುವ ದೊಡ್ಡ ಟೈರುಗಳನ್ನು ಹಾಕಿಸಿದನು. ಅವುಗಳೊಂದಿಗೆ ಅದೇ ದಾರಿಯಲ್ಲಿ ಹಲವು ಸಲ ಓಡಾಡಿದನು. ಕೆಸರು ಅವನಿಗೆ ದಾರಿ ಬಿಟ್ಟುಕೊಟ್ಟಿತು. ಆದರೆ ತಿರುವಿನಲ್ಲಿ ದೊಡ್ಡ ಟೈರು ಮಡ್‌ಗಾರ್ಡಿಗೆ ಉಜ್ಜತೊಡಗಿತು. ಆಗ ಚಕ್ರಗಳ ಮೇಲೆ ಗಾಡಿಯ ಭಾರ ಹೊರುವ ಸ್ಪ್ರಿಂಗಿನ ಕಮಾನುಪಟ್ಟಿಗಳನ್ನು ಬದಲಾಯಿಸಿ ಜೀಪನ್ನು ಎತ್ತರಿಸಿದನು. ಎತ್ತರಿಸಿದ ಮೇಲೆ ಬ್ರೇಕಿನ ಎಣ್ಣೆ ಹೋಗುವ ಕೊಳವೆ ಸಾಲದಾಯಿತು. ಉದ್ದದ ಕೊಳವೆ ಹಾಕಿಸಿ, ಅದನ್ನು ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಅಚ್ಚಿನ ಮೇಲೆ ಸುತ್ತಿಸಿ ಒಯ್ದನು. ಮತ್ತೆ ಓಡಿಸಿದನು. ಕಲ್ಲು ಎಂಜಿನ್ನಿನ ಅಡಿಗೆ ಬಡಿಯಿತು. ಅಡಿಗೆ ಉಕ್ಕಿನ ತಗಡು ಹಾಕಿಸಿದನು. ಹಳ್ಳದ ನೀರು ಎಂಜಿನ್ನಿಗೆ ನುಗ್ಗಿತು. ಗಾಳಿ ಎಳೆಯುವ ಕೊಳವೆಯನ್ನು ಚಾವಣಿಯ ಮಟ್ಟಕ್ಕೆ ಏರಿಸಿದನು. ಕಡಿದಾದ ಏರಿನ ಬುಡದಲ್ಲಿ ಮುಂದಿನ ಅಗಲವಾದ ಬಂಪರು ನೆಲಕ್ಕೆ ಗುದ್ದಿತು. ಅದನ್ನು ಬಿಚ್ಚಿಸಿ ಒಂದು ಮೋಟು ಕಬ್ಬಿಣದ ಕೊಳವೆಯನ್ನು ಹಾಕಿಸಿದನು. ಬಂಪರಿನೊಂದಿಗೆ ಮುಂದಿನ ಎರಡು ಕೊಕ್ಕೆಗಳೂ ಹೋದವು. ಅದನ್ನು ಅವನು ಗಮನಿಸಲೂ ಇಲ್ಲ.

ದಾರಿ ತಾನಾಗಿ ಕೊರತೆಯನ್ನು ತೋರಿಸುವವರೆಗೆ ಅವನು ಗಾಡಿಗೆ ಕೈ ಹಾಕುತ್ತಿರಲಿಲ್ಲ. ತೋರಿಸಿದ ಮೇಲೆ ತಡ ಮಾಡುತ್ತಿರಲಿಲ್ಲ. ಮಗು, ಒಂದು ಹಳೆಯ ಗಾಡಿಯನ್ನು ತಿದ್ದುವುದಕ್ಕೆ ಇದಕ್ಕಿಂತ ಒಳ್ಳೆಯ ಕ್ರಮ ಇಲ್ಲ.

ಇಷ್ಟು ಕೇಳುವ ಹೊತ್ತಿಗೆ ಗುರುಮಲ್ಲನ ಬೆನ್ನು ನೆಟ್ಟಗಾಗಿತ್ತು. ಗುರುಗಳು ತನ್ನನ್ನೇ ಹೊಗಳುತ್ತಿದ್ದಾರೆಂದು ಅವನಿಗೆ ಅನ್ನಿಸಿತು. ಅವನು ತಲೆಯಾಡಿಸಿದನು. ಗುರುಗಳು ಮುಂದುವರಿಸಿದರು.

ಕೊನೆಗೆ ಒಂದೇ ಒಂದು ಜಾಗ ಉಳಿಯಿತು. ತುದಿಗೆ ಸ್ವಲ್ಪ ಕೆಳಗೆ, ದಾರಿಗೆ ಅಡ್ಡಲಾಗಿ, ಮೆಟ್ಟಿಲಿನಂಥ ಒಂದು ಬಂಡೆ. ಮುಂದಿನ ಚಕ್ರಗಳು ಅದನ್ನು ಹತ್ತುತ್ತಿದ್ದವು. ಜೀಪಿನ ಮೂತಿ ಮೇಲೆ ಹೋದಂತೆ ಹಿಂಭಾಗ ಕೆಳಗೆ ಇಳಿಯುತ್ತಿತ್ತು. ಆಗ ಹಿಂದಿನ ಕೊಕ್ಕೆ ಬಂಡೆಗೆ ತಾಗಿ ಕರ್ ಎಂದು ಉಜ್ಜುತ್ತಿತ್ತು. ಒಮ್ಮೊಮ್ಮೆ ಜೀಪನ್ನು ಹಿಡಿದು ನಿಲ್ಲಿಸಿಯೂ ಬಿಡುತ್ತಿತ್ತು. ಬೆಟ್ಟದ ಬುಡದಿಂದ ಒಂದು ಸದ್ದೂ ಇಲ್ಲದೆ ಬಂದ ಗಾಡಿಗೆ ತುದಿಯಲ್ಲಿ ಈ ಅವಮಾನ.

ವ್ಯಾಪಾರಿಯು ಜೀಪನ್ನು ಗ್ಯಾರೇಜಿಗೆ ಒಯ್ದು, ಕೊಕ್ಕೆಯನ್ನು ಕೊಯ್ದು ತೆಗೆಯಲು ಹೇಳಿದನು.

“ನಾಳೆ ಸಿಕ್ಕಿಹಾಕಿಕೊಂಡರೆ ಹಗ್ಗ ಎಲ್ಲಿಗೆ ಕಟ್ಟಿಸುತ್ತೀರಿ?” ಎಂದು ಮೇಸ್ತ್ರಿ ಕೇಳಿದನು.

“ನಾನು ಸಿಕ್ಕಿಹಾಕಿಕೊಂಡು ಎಷ್ಟು ಕಾಲವಾಯಿತು, ನೀನೇ ಹೇಳು.”

ಮೇಸ್ತ್ರಿ ಯೋಚಿಸಿದನು. “ಅದೂ ನಿಜವೇ. ನಿಮ್ಮನ್ನು ಎಳೆಯುವಂಥ ಗಾಡಿಯೂ ಈಗ ಈ ಬೆಟ್ಟದಲ್ಲಿ ಇಲ್ಲ” ಎಂದು ನಗುತ್ತಾ ಗ್ಯಾಸ್ ಕಟರ್ ಹಚ್ಚಿದನು. ಕೊಕ್ಕೆ ಕೆಳಗೆ ಬಿತ್ತು. ಅದಿದ್ದ ಜಾಗಕ್ಕೆ ನುಣುಪಾದ ಒಂದು ತಗಡನ್ನು ಬೆಸೆದು ಬಣ್ಣ ಹಚ್ಚಿದರು.

ಮುಂದಿನ ಭಾನುವಾರ ಜೀಪು ಬಂಡೆಯ ಮೆಟ್ಟಿಲನ್ನು ಸದ್ದಿಲ್ಲದೆ ಹತ್ತಿತು. ವ್ಯಾಪಾರಿಯು ತುದಿಯಲ್ಲಿ ಇಳಿದು ನಿಂತು ಕೆಳಗಿನ ಊರನ್ನು ನೋಡಿದನು. ಹಳ್ಳಿಯವರು ಅವನಿಗೆ ಮಜ್ಜಿಗೆ ತಂದುಕೊಟ್ಟರು. ಜೀಪಿನ ಸುತ್ತ ತಿರುಗಿ ನೋಡಿದ ರೈತನು, “ಈಗ ಇದಕ್ಕೆ ಈ ಬೆಟ್ಟ ಸಾಲದು ಸಾಹುಕಾರ್ರೇ, ಬೇರೆ ಬೆಟ್ಟ ಹುಡುಕಿಕೊಳ್ಳಿ” ಎಂದನು. ವ್ಯಾಪಾರಿಗೆ ಅಂದು ಆದ ಸಂತೋಷ ಸುಳ್ಳಲ್ಲ. ಅವನು ದುಡಿದು ಪಡೆದ ಸಂತೋಷ ಅದು.

ಆ ಬೇಸಗೆ ಕಳೆಯಿತು. ಮಳೆಗಾಲ ಹಿಡಿಯಿತು. ಒಂದು ಮಧ್ಯಾಹ್ನ ವ್ಯಾಪಾರಿಯು ಬೆಟ್ಟ ಹತ್ತುತ್ತಾ ಹಳ್ಳದ ದಡಕ್ಕೆ ಬಂದನು. ಹಳ್ಳದ ನಡುವೆ, ಮೂಟೆಗಳನ್ನು ಹೇರಿಕೊಂಡು ಇಳಿಯುತ್ತಿದ್ದ ರೈತನ ಜೀಪು ನಿಂತಿತ್ತು. ಹಿಂದಿನ ಚಕ್ರಗಳು ಮರಳಿನಲ್ಲಿ ಅಚ್ಚಿನವರೆಗೂ ಹೂತಿದ್ದವು. ನೀರು ಮೊಣಕಾಲಿನಷ್ಟಿತ್ತು. ಮೇಲಿನ ಕಾಡಿನ ಮೇಲೆ ಮೋಡ ಕಪ್ಪಾಗಿತ್ತು. ನೀರಿನ ಬಣ್ಣ ಆಗಲೇ ಕೆಂಪಾಗಿತ್ತು. ಮೇಲೆ ಮಳೆ ಸುರಿದಿದೆ, ಹಳ್ಳ ತುಂಬಿ ಬರುತ್ತಿದೆ ಎಂಬುದು ಇಬ್ಬರಿಗೂ ತಿಳಿಯಿತು.

“ಒಳ್ಳೆಯ ಹೊತ್ತಿಗೆ ಬಂದಿರಿ. ಗಾಡಿ ತಿರುಗಿಸಿ ಹಿಂದಕ್ಕೆ ಬನ್ನಿ” ಎಂದು ರೈತನು ಕೂಗಿದನು.

ವ್ಯಾಪಾರಿಗೆ ಭಯವಾಗಲಿಲ್ಲ. ಅವನ ಗಾಡಿಯಲ್ಲಿ ಎರಡು ಜೀಪುಗಳನ್ನು ಎಳೆಯುವಷ್ಟು ಶಕ್ತಿ ಇತ್ತು. ಅವನು ಜೀಪನ್ನು ತಿರುಗಿಸಿ ನೀರಿನ ಅಂಚಿನವರೆಗೆ ಹಿಂದಕ್ಕೆ ತಂದನು. ರೈತನು ಹಗ್ಗದ ಒಂದು ತುದಿಯನ್ನು ತನ್ನ ಜೀಪಿನ ಮುಂದಿನ ಕೊಕ್ಕೆಗೆ ಸಿಕ್ಕಿಸಿ, ಇನ್ನೊಂದು ತುದಿಯ ಕುಣಿಕೆಯನ್ನು ಹಿಡಿದು ಓಡಿ ಬಂದನು. ಬಗ್ಗಿ ವ್ಯಾಪಾರಿಯ ಜೀಪಿನ ಹಿಂದೆ ಕೈಯಾಡಿಸಿದನು. ಕೈ ನುಣುಪಾದ ತಗಡಿನ ಮೇಲೆ ಜಾರಿತು.

“ಕೊಕ್ಕೆ ಎಲ್ಲಿ ಸಾಹುಕಾರ್ರೇ?”

“ತೆಗೆಸಿದೆ.”

“ಯಾಕೆ?”

“ಬಂಡೆಗೆ ತಾಗುತ್ತಿತ್ತು.”

ರೈತನು ಒಂದು ಕ್ಷಣ ಅವನ ಮುಖ ನೋಡಿದನು. ಮಾತಾಡುವುದಕ್ಕೆ ಹೊತ್ತಿರಲಿಲ್ಲ. ಜೀಪನ್ನು ಮತ್ತೆ ತಿರುಗಿಸಿ, ಮುಂದಿನ ಮೋಟು ಕೊಳವೆಗೆ ಹಗ್ಗ ಸುತ್ತಿದರು. ವ್ಯಾಪಾರಿಯು ಜೀಪನ್ನು ಹಿಂದಕ್ಕೆ ಜಗ್ಗಿದನು. ಎಂಜಿನ್ನು ಸೋಲಲಿಲ್ಲ, ಟೈರುಗಳು ಜಾರಲಿಲ್ಲ. ಕೊಳವೆ ಬಾಗಿತು. ಹಗ್ಗ ಕಳಚಿ ನೀರಿಗೆ ಬಿತ್ತು.

ಉಳಿದದ್ದು ಹಿಂದಿನ ಅಚ್ಚು. ಅದಕ್ಕೆ ಕಟ್ಟಿ ಎಳೆದರೆ ಮೇಲೆ ಸುತ್ತಿದ್ದ ಬ್ರೇಕಿನ ಕೊಳವೆ ಹರಿಯುವುದು ಖಂಡಿತ. ಹರಿದರೆ ಹರಿಯಲಿ ಎಂದು ವ್ಯಾಪಾರಿಯು ಜೀಪನ್ನು ಮೂರನೆಯ ಸಲ ತಿರುಗಿಸಿದನು. ಕೆಸರಿನಲ್ಲಿ ಅಂಗಾತ ಮಲಗಿ, ಗಾಡಿಯ ಅಡಿಗೆ ತೂರಿ, ಕಾಣದ ಜಾಗದಲ್ಲಿ ಹಗ್ಗ ಕಟ್ಟತೊಡಗಿದನು. ಕೊಕ್ಕೆ ಇದ್ದಿದ್ದರೆ ಕುಣಿಕೆ ಸಿಕ್ಕಿಸುವುದು ಒಂದು ಗಳಿಗೆಯ ಕೆಲಸ. ಗಂಟು ಬಿಗಿಯುವ ಮೊದಲೇ ಹಳ್ಳ ಬಂತು.

“ಬಿಡಿ, ಹೊರಗೆ ಬನ್ನಿ” ಎಂದು ರೈತನೇ ಅವನ ಕಾಲು ಹಿಡಿದು ಎಳೆದನು. ವ್ಯಾಪಾರಿಯು ತನ್ನ ಜೀಪನ್ನು ದಡದ ಮೇಲಕ್ಕೆ ಏರಿಸಿದನು, ರೈತನೂ ದಡ ಹತ್ತಿದನು. ರೈತನ ಜೀಪು ಮೆಲ್ಲಗೆ ಪಕ್ಕಕ್ಕೆ ವಾಲಿತು. ಮೂಟೆಗಳು ಒಂದರ ಹಿಂದೆ ಒಂದು ನೀರಿಗೆ ಉರುಳಿದವು. ಆಮೇಲೆ ಜೀಪೂ ಹೋಯಿತು. ತಿರುವಿನ ಕೆಳಗಿನ ಕಮರಿಯಲ್ಲಿ ಅದು ಬಿದ್ದ ಸದ್ದು ಕೇಳಿಸಿತು.

ವ್ಯಾಪಾರಿಯು ಬಾಗಿದ ಕೊಳವೆಯ ಹತ್ತಿರ ನಿಂತಿದ್ದನು. ರೈತನು ಅವನನ್ನು ಬೈಯಲಿಲ್ಲ.

“ನಿಮ್ಮ ಗಾಡಿಯದೇನೂ ತಪ್ಪಿಲ್ಲ ಬಿಡಿ. ಅದು ಚೆನ್ನಾಗಿಯೇ ಹತ್ತುತ್ತದೆ” ಎಂದು ಹೇಳಿ, ಹಳ್ಳ ಇಳಿಯುವುದನ್ನು ಕಾಯುತ್ತಾ ಒಂದು ಕಲ್ಲಿನ ಮೇಲೆ ಕುಳಿತನು.

ಆ ವರ್ಷ ಬೆಟ್ಟದ ಮೇಲಿನವರು ಉಳಿದ ಬೆಳೆಯನ್ನು ತಲೆಯ ಮೇಲೆ ಹೊತ್ತು ಇಳಿಸಿದರು. ಕಾಯಿಲೆಯವರನ್ನು ಕಂಬಳಿಯಲ್ಲಿ ಹೊತ್ತು ತಂದರು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಗುರುಮಲ್ಲನು ಕೆಳಗೆ ನೋಡುತ್ತಾ ಕುಳಿತಿದ್ದನು. ಕತೆ ಎತ್ತ ಹೊರಟಿದೆ ಎಂಬುದು ಅವನಿಗೆ ತಿಳಿಯದೆ ಇರಲಿಲ್ಲ. ಆದರೂ ಇಷ್ಟು ವರ್ಷ ಒಂದೊಂದಾಗಿ ತಿದ್ದಿ ಕಟ್ಟಿದ್ದನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲು ಅವನ ಮನಸ್ಸು ಒಪ್ಪಲಿಲ್ಲ.

“ಬುದ್ಧಿ, ಮೋಡ ಕಪ್ಪಾಗಿರುವಾಗ ಆ ರೈತನೇ ಹಳ್ಳಕ್ಕೆ ಇಳಿಯಬಾರದಿತ್ತಲ್ಲವೇ?” ಎಂದನು.

“ಇಳಿಯಬಾರದಿತ್ತು” ಎಂದು ಗುರುಗಳು ಒಪ್ಪಿದರು.

“ಮತ್ತೆ ವ್ಯಾಪಾರಿಯು ತುದಿಯನ್ನು ಮುಟ್ಟಿದ್ದು ನಿಜವಲ್ಲವೇ?”

“ನಿಜ. ಅವನಷ್ಟು ಚೆನ್ನಾಗಿ ಯಾರೂ ಮುಟ್ಟಿರಲಿಲ್ಲ.”

ಗುರುಮಲ್ಲನು ತಲೆಯೆತ್ತಿದನು. ಗುರುಗಳು ಎದ್ದು ನಿಂತು, ಹೆಗಲ ವಸ್ತ್ರವನ್ನು ಸರಿಮಾಡಿಕೊಂಡು, ಅವನ ಕಡೆ ನೋಡಿದರು.

“ಅವರಿಬ್ಬರನ್ನೂ ಬಿಡು ಮಗು, ಇಂದು ನಿನ್ನ ಅಕ್ಕ ಬಂದರೆ ಹಗ್ಗವನ್ನು ನಿನ್ನಲ್ಲಿ ಎಲ್ಲಿಗೆ ಕಟ್ಟಬೇಕು, ಅದನ್ನು ಹೇಳು.”

ಗುರುಮಲ್ಲನು ಎದ್ದು, ಅಕ್ಕನನ್ನು ಕರೆತರಲು ಬಸ್ಸು ನಿಲ್ಲುವ ಕಡೆಗೆ ಹೊರಟನು.

ಇಲ್ಲಿಗೆ ಮುಗಿಸುತ್ತೇನೆ. ಬರೆದದ್ದರಲ್ಲಿ ತಪ್ಪುಗಳಿದ್ದರೆ ಓದಿದವರು ದಯವಿಟ್ಟು ಕ್ಷಮಿಸಬೇಕು.